ನುಸುಳುಗಲ್ಲಿನ ಒಳಗೆ

ಕೊಣನೂರಿನ ತೂಗುಸೇತುವೆ ಹಿಂದಕ್ಕೆ ಸರಿದು, ಹೊಳೆದಂಡೆಯ ಕಾಲುದಾರಿ ಹೊಗೆಸೊಪ್ಪಿನ ಹೊಲಗಳ ಪಕ್ಕಕ್ಕೆ ಬಂದಾಗ ರಂಜಿತಾಳ ಕಿಬ್ಬೊಟ್ಟೆಯಲ್ಲಿ ಹಿಂಡಿದಂತಾಯಿತು. ಬೆಳಗ್ಗೆ ಅವಸರದಲ್ಲಿ ನುಂಗಿದ ಚಿತ್ರಾನ್ನದ ಕಾಟ ಎಂದುಕೊಂಡಳು. ಸ್ವಲ್ಪ ದೂರ ನಡೆಯುವುದರೊಳಗೆ ಅದು ಚಿತ್ರಾನ್ನದ ಕಾಟವಲ್ಲ ಎಂದು ಗೊತ್ತಾಯಿತು. ಬರಬೇಕಾದ ದಿನಕ್ಕೆ ಇನ್ನೂ ಸಮಯವಿತ್ತು. ಬ್ಯಾಗಿನಲ್ಲಿ ನೀರಿನ ಬಾಟಲಿ, ಬಿಸ್ಕತ್ತಿನ ಪೊಟ್ಟಣ ಬಿಟ್ಟರೆ ಬೇರೇನೂ ಇರಲಿಲ್ಲ. ಮೇಲಾಗಿ ಅವತ್ತು ಶನಿವಾರ. ಶನಿವಾರ ಅವರ ಶಾಲೆಗೆ ಬಿಳಿ ಚೂಡಿದಾರ್.

ಹೊಗೆಸೊಪ್ಪು ಒಣಗಿಸುವ ಬ್ಯಾರನ್ನೊಂದರ ಹಿಂದೆ ಓಡಿಹೋಗಿ ನೋಡಿಕೊಂಡಳು. ಕರ್ಚೀಫನ್ನು ಮಡಿಸಿ ಇಟ್ಟುಕೊಂಡಳು. ಮೈಮೇಲಿದ್ದ ಮೆರೂನ್ ಸ್ವೆಟರು ಬಿಚ್ಚಿ ಸೊಂಟಕ್ಕೆ ಸುತ್ತಿ, ತೋಳುಗಳನ್ನು ಎಳೆದು ಎರಡು ಗಂಟು ಬಿಗಿದಳು. ಬಿಚ್ಚಿಹೋದರೆ ಎಂಬ ಭಯಕ್ಕೆ ಮೇಲೊಂದು ಗಂಟು ಹಾಕಿದಳು. ಓಡಿಬಂದು ಸಾಲಿಗೆ ಸೇರಿಕೊಂಡಾಗ ಗೆಳತಿ ಅನುಶ್ರೀ, "ಎಲ್ಲೇ ಓಗಿದ್ದೆ?" ಅಂದಳು.

"ಚಪ್ಪಲಿಗೆ ಮುಳ್ಳು ಒಕ್ಕಿತ್ತು" ಅಂದಳು ರಂಜಿತಾ. ಅನುಶ್ರೀಗೆ ಒಂದು ಮಾತು ಹೇಳಿದರೆ ರಾಮನಾಥಪುರ ತಲುಪುವುದರೊಳಗೆ ಒಂಬತ್ತನೇ ಕ್ಲಾಸಿಗೆಲ್ಲ ಹೇಳಿದ ಹಾಗೆ.

ಈ ನಡಿಗೆ ಸಮಾಜ ವಿಜ್ಞಾನದ ಕಾಂತರಾಜು ಮೇಷ್ಟ್ರ ಯೋಚನೆ. ಮೇಲುಸೀಮೆಯ ಜನ ಶ್ರಾವಣದಲ್ಲಿ ರಾಮನಾಥನ ದರ್ಶನಕ್ಕೆ ನಡೆದು ಹೋಗುತ್ತಿದ್ದ ದಾರಿ ಇದು. ಬಸ್ಸು ಬಂದ ಮೇಲೆ ದಾರಿಗೆ ಪೊದೆ ಬೆಳೆದು, ಈಗ ದನಗಾಹಿಗಳು ಬಿಟ್ಟರೆ ತುಳಿಯುವವರಿಲ್ಲ. "ದಿಲ್ಲಿ ಸುಲ್ತಾನರ ಹೆಸರು ಒಂದೇ ಉಸಿರಿಗೆ ಹೇಳ್ತೀರ. ನಿಮ್ಮ ತಾತ ಮುತ್ತಾತ ಯಾವ ದಾರೀಲಿ ನಡೆದ್ರು ಅಂದ್ರೆ ಬಾಯಿ ಬಿಡ್ತೀರ. ನಡೀರಿ, ತೋರಿಸ್ತೀನಿ" ಎಂದು ಹೊರಡಿಸಿದ್ದರು. ಹೆಣ್ಣುಮಕ್ಕಳಿರುತ್ತಾರೆಂದು ಶಾಲೆಯವರು ವಿಜ್ಞಾನದ ಆಶಾರಾಣಿ ಮಿಸ್ಸನ್ನು ಜೊತೆಗೆ ಕಳಿಸಿದ್ದರು. ಮಿಸ್ಸು ಸಾಲಿನ ಕೊನೆಯಲ್ಲಿ ಕೊಡೆ ಬಿಚ್ಚಿಕೊಂಡು, ಹೆಚ್ಚು ಮಾತಿಲ್ಲದೆ ಬರುತ್ತಿದ್ದರು. ಶಾಲೆಯಲ್ಲಿ ಅವರೆಂದರೆ ಎಲ್ಲರಿಗೂ ನಡುಕ. ರಂಜಿತಾ ಎರಡು ಸಲ ಹಿಂತಿರುಗಿ ನೋಡಿದಳು. ಹೇಳಿಬಿಡೋಣ ಎನ್ನಿಸಿತು. ಮಿಸ್ಸು ಹುಬ್ಬು ಗಂಟಿಕ್ಕಿ, "ಮುಂದೆ ನೋಡ್ಕೊಂಡು ನಡಿ" ಅಂದರು. ಅಲ್ಲಿಗೆ ಧೈರ್ಯ ಇಂಗಿತು.

ದಾರಿಯಲ್ಲಿ ಯಾತ್ರಿಕರು ತಂಗುತ್ತಿದ್ದ ಮುರುಕು ಮಂಟಪ ನೋಡಿದರು. ಅಕ್ಷರ ಸವೆದುಹೋದ ಒಂದು ಶಾಸನದ ಕಲ್ಲಿಗೆ ಮೇಷ್ಟ್ರು ಸೀಮೆಸುಣ್ಣದ ಪುಡಿ ಸವರಿ ಓದಿಸಿದರು. ಯಾರೋ ಒಬ್ಬ ಗೌಡ ದಾರಿಹೋಕರಿಗೆ ನೀರು ಕೊಡಲು ಭೂಮಿ ಬಿಟ್ಟ ವಿಷಯ. ಹುಡುಗರು ಅದರ ಮುಂದೆ ನಿಂತು ಫೋಟೊ ತೆಗೆಸಿಕೊಂಡರು. ರಂಜಿತಾ ಫೋಟೊದಲ್ಲಿ ಹಿಂದಿನ ಸಾಲಿಗೆ ಹೋಗಿ, ಕಲ್ಲಿಗೆ ಬೆನ್ನು ಒತ್ತಿ ನಿಂತಳು.

ಹೊತ್ತು ನೆತ್ತಿಗೇರುವ ಮುಂಚೆ ನುಸುಳುಗಲ್ಲು ಬಂತು.

ಹೊಳೆಯ ಅಂಚಿನಲ್ಲಿ ಮನೆಗಾತ್ರದ ಎರಡು ಬಂಡೆಗಳು ಒಂದಕ್ಕೊಂದು ಒರಗಿಕೊಂಡಿದ್ದವು. ಕೆಳಗೆ, ನೀರಿನ ಕಡೆಯ ಮರಳಿನಲ್ಲಿ, ನಾಯಿ ನುಗ್ಗುವಷ್ಟು ಒಂದು ಬಾಯಿ. ಅಲ್ಲಿ ತೆವಳಿ ಒಳಹೊಕ್ಕು, ಬಂಡೆಯ ಸಂದಿಯಲ್ಲಿ ಮೈಯನ್ನು ಓರೆ ಮಾಡಿಕೊಂಡು ಮೇಲಕ್ಕೆ ನುಸುಳಿದರೆ ದಡದ ಹುಣಸೆಮರದ ಬುಡದಲ್ಲಿ ಹೊರಗೆ ಬರಬಹುದು. ಯಾತ್ರಿಕರು ಹೀಗೆ ನುಸುಳಿ, ಹೊಳೆಯಲ್ಲಿ ಮಿಂದು, ಆಮೇಲೆ ರಾಮನಾಥನ ಕಡೆ ಮುಖ ಮಾಡುತ್ತಿದ್ದರಂತೆ. ಹುಣಸೆಮರದ ನೆರಳಲ್ಲಿ ಜಯಲಕ್ಷ್ಮಮ್ಮ ಎಂಬ ವಯಸ್ಸಾದ ಹೆಂಗಸು ಕರ್ಪೂರ, ಹೂವು, ನಿಂಬೆಹಣ್ಣು ಇಟ್ಟುಕೊಂಡು ಕೂತಿದ್ದಳು. ಇಷ್ಟು ಮಕ್ಕಳನ್ನು ಒಟ್ಟಿಗೆ ಕಂಡು ಅವಳಿಗೆ ಖುಷಿಯೂ ಆಯಿತು, ಗಾಬರಿಯೂ ಆಯಿತು.

"ಇಲ್ಲಿ ಕೇಳ್ರವ್ವ. ಇದು ಆಟದ ಕಲ್ಲಲ್ಲ ಕಣ್ರವ್ವ. ಚಪ್ಪಲಿ ಬುಡಿ, ಕೈಮುಗುದು ಒಳಿಕ್ಕೋಗಿ. ಪಾಪ ಮಾಡಿರೋರ್ನ ಇದು ಇಡ್ಕೊಂಬುಡ್ತದೆ. ಮುಟ್ಟಾಗಿರೋ ಎಣ್ಣುಮಕ್ಳು ನುಗ್ಗಿದ್ರಂತೂ ಕಲ್ಲು ಕೂಡ್ಕಬುಡ್ತದೆ. ನಮ್ಮತ್ತೆ ಕಾಲ್ದಲ್ಲಿ ಘಟ್ಟದ ಕಡೆಯೋಳು ಒಬ್ಳು ಅಂಗೇ ನುಗ್ಗುದ್ಲಂತೆ. ಒರಗೇ ಬರ್ನಿಲ್ಲ."

ಹುಡುಗಿಯರು ಒಬ್ಬರನ್ನೊಬ್ಬರು ನೋಡಿಕೊಂಡರು. ಕಾಂತರಾಜು ಮೇಷ್ಟ್ರು ನಕ್ಕು, "ಅಜ್ಜಿ ಹೇಳ್ತಿರೋದು ನಂಬಿಕೆ ಕಣ್ರೋ. ನಂಬಿಕೆನೂ ಇತಿಹಾಸದ ಭಾಗಾನೇ. ಇಷ್ಟ ಇದ್ದೋರು ಹೋಗಿ, ಇಲ್ದೋರು ಬಿಡಿ, ಬಲವಂತ ಇಲ್ಲ" ಅಂದರು.

ಮೊದಲು ಅಭಿಷೇಕ್ ಹೋದ. ಕ್ಲಾಸಿನಲ್ಲೇ ದಪ್ಪಗಿದ್ದವನು ಅವನು. ಅವನು ಹುಣಸೆಮರದ ಬುಡದಲ್ಲಿ ತಲೆ ತೂರಿಸಿದಾಗ ಎಲ್ಲರೂ ಸಿಳ್ಳೆ ಹಾಕಿದರು. ಆಮೇಲೆ ಸಾಲು ಕಟ್ಟಿ ನುಗ್ಗಿದರು. ರಂಜಿತಾ ಹಿಂದೆ ಹಿಂದೆ ಸರಿಯುತ್ತಿದ್ದಳು.

"ನೀನ್ಯಾಕೆ ಓಗಲ್ಲ?" ಅಂದಳು ಅನುಶ್ರೀ. "ಪಾಪ ಮಾಡಿದ್ಯಾ? ಇಲ್ಲಾ..." ಅರ್ಧಕ್ಕೆ ನಿಲ್ಲಿಸಿ ಸೊಂಟದ ಸ್ವೆಟರಿನ ಕಡೆ ನೋಡಿದಳು.

ಆ ನೋಟವೇ ಸಾಕಾಯಿತು. ಹಿಂದೆ ಉಳಿದರೆ ಎಲ್ಲರಿಗೂ ತಿಳಿಯುತ್ತದೆ, ಹುಡುಗರಿಗೂ ತಿಳಿಯುತ್ತದೆ. ಒಳಗೆ ಹೋದರೆ? ರಂಜಿತಾಳ ಮನೆಯಲ್ಲಿ ಅಜ್ಜಿ ರೇವಮ್ಮ, "ಲಿಂಗ ಕಟ್ಟೋ ನಮಗೆ ಸೂತಕ ಗೀತಕ ಇಲ್ಲ ಕಣೆ" ಎಂದು ಹೇಳುತ್ತಲೇ, ಆ ದಿನಗಳಲ್ಲಿ ಅಮ್ಮ ದೇವರ ಗೂಡಿನ ಹತ್ತಿರ ಸುಳಿದರೆ ಗದರುತ್ತಿದ್ದಳು. ಅಜ್ಜಿಯ ಯಾವ ಮಾತು ನಿಜವೋ ರಂಜಿತಾಗೆ ಗೊತ್ತಿರಲಿಲ್ಲ. ಚಪ್ಪಲಿ ಬಿಟ್ಟು, ಕೈ ಮುಗಿದು, ಎಲ್ಲರಿಗಿಂತ ಕೊನೆಗೆ ಮರಳಿನ ಮೇಲೆ ಮಂಡಿಯೂರಿದಳು.

ಒಳಗೆ ತಣ್ಣಗಿತ್ತು, ಬಾವಲಿ ವಾಸನೆಯಿತ್ತು. ಎಡಗೈ ಮುಂದೆ ಚಾಚಿ, ಬಲಗೈ ಮೈಗೆ ಒತ್ತಿಕೊಂಡು, ಬಂಡೆಗೆ ಕೆನ್ನೆ ತಾಗಿಸಿ ಮೇಲಕ್ಕೆ ಜಾರಿದಳು. ಎದೆಯುಸಿರು ಕಲ್ಲಿಗೆ ಬಡಿದು ಅವಳ ಮುಖಕ್ಕೇ ವಾಪಸು ಬರುತ್ತಿತ್ತು. ತಲೆಯ ಮೇಲೆ ಒಂದು ತುಂಡು ಬೆಳಕು, ಅದರಲ್ಲಿ ಹುಣಸೆ ಎಲೆ. ಇನ್ನೇನು ಮುಗಿಯಿತು ಅನ್ನುವಾಗ ಸೊಂಟದ ಹತ್ತಿರ ಏನೋ ಹಿಡಿದುಕೊಂಡಿತು.

ಮುಂದಕ್ಕೆ ತಳ್ಳಿಕೊಂಡಳು. ಬರಲಿಲ್ಲ. ಹಿಂದಕ್ಕೆ ಜಾರಲು ನೋಡಿದಳು. ಅದೂ ಆಗಲಿಲ್ಲ. ಬಲಗೈ ಮೈಗೂ ಕಲ್ಲಿಗೂ ನಡುವೆ ಸಿಕ್ಕಿಕೊಂಡು ಅಲುಗುತ್ತಿರಲಿಲ್ಲ.

"ಬಾರೇ, ಯಾಕೆ ನಿಂತ್ಕಂಡೆ?" ಅನುಶ್ರೀಯ ದನಿ ಮೇಲಿನಿಂದ ಬಂತು.

"ಆಗ್ತಿಲ್ಲ."

ಒಂದಿಬ್ಬರು ನಕ್ಕರು. ಆಮೇಲೆ ನಗು ನಿಂತಿತು. ಕಲ್ಲು ಕೂಡಿಕೊಳ್ಳುತ್ತಿದೆ. ಉಸಿರು ಒಳಕ್ಕೆಳೆದಾಗಲೆಲ್ಲ ಎರಡೂ ಬಂಡೆ ಇನ್ನೊಂದಿಷ್ಟು ಹತ್ತಿರ ಬಂದು ಎದೆಗೂಡನ್ನು ಒತ್ತುತ್ತಿವೆ. ಅವಳು ಇನ್ನೂ ಜೋರಾಗಿ ಉಸಿರೆಳೆದಳು, ಬಂಡೆ ಇನ್ನೂ ಬಿಗಿಯಿತು. ತಪ್ಪಾಯ್ತು, ತಪ್ಪಾಯ್ತು ಎಂದು ತುಟಿ ತಾನಾಗಿ ಅಂದುಕೊಳ್ಳುತ್ತಿತ್ತು. ಘಟ್ಟದ ಕಡೆಯ ಆ ಹೆಂಗಸು ಎಲ್ಲಿ ಸಿಕ್ಕಿಕೊಂಡಿದ್ದಳೋ, ಈ ಜಾಗದಲ್ಲೇ ಇರಬೇಕು, ಅವಳೂ ಇದೇ ತುಂಡು ಬೆಳಕನ್ನು ನೋಡಿರಬೇಕು.

ಕಾಂತರಾಜು ಮೇಷ್ಟ್ರು ಮೇಲಿನಿಂದ ಹೊಟ್ಟೆಯ ಮೇಲೆ ಮಲಗಿ ಕೈ ಇಳಿಬಿಟ್ಟು ಅವಳ ಎಡಗೈ ಹಿಡಿದರು. "ಗಾಬರಿ ಆಗ್ಬೇಡ ಮಗು. ನಾನು ಎಳೀತೀನಿ, ನೀನು ಕಾಲಲ್ಲಿ ಒದ್ಕೋ." ಅವರು ಎಳೆದರು. ತೋಳು ಕಿತ್ತುಬಂದ ಹಾಗಾಗಿ ರಂಜಿತಾ ಚೀರಿದಳು. ಮೇಷ್ಟ್ರು ಕೈ ಬಿಟ್ಟರು. ಅದು ಅವಳನ್ನು ಇನ್ನಷ್ಟು ಹೆದರಿಸಿತು. ಅವರು ಅಗ್ನಿಶಾಮಕದವರಿಗೆ ಫೋನು ಮಾಡಿ, "ಅರಕಲಗೂಡಿಂದ ಬರ್ಬೇಕಾ? ಎಷ್ಟೊತ್ತಾಗುತ್ತೆ ಸಾರ್?" ಅನ್ನುವುದು ಕೇಳಿಸಿತು.

ಆಗ ಪಾದಕ್ಕೆ ತಣ್ಣಗೆ ಏನೋ ತಾಗಿತು.

ಹಾವು ಎಂದುಕೊಂಡು ಕಾಲು ಮಡಚಲು ನೋಡಿದಳು, ಮಡಚುವುದಕ್ಕೆ ಜಾಗವಿರಲಿಲ್ಲ. ಅದು ಪಾದವನ್ನು ಸುತ್ತಿ, ಹಿಮ್ಮಡಿಗೆ ಬಂದು, ಹೋಗಿ, ಮತ್ತೆ ಬಂತು. ನೀರು. ಇಲ್ಲಿ ವಾರದಿಂದ ಬಿಸಿಲಿದ್ದರೂ ಕೊಡಗಿನಲ್ಲಿ ಮಳೆ ಸುರಿದಿತ್ತು. ಆ ನೀರು ಈಗ ಇಲ್ಲಿಗೆ ಬಂದಿತ್ತು.

"ಸಾ, ನೀರು! ಸಾ, ಕೆಳಗೆ ನೀರು ಬತ್ತಾ ಐತೆ ಸಾ!" ರಂಜಿತಾ ಕೂಗಿಕೊಂಡಳು.

ಮೇಲೆ ಗದ್ದಲವೆದ್ದಿತು. ಯಾರೋ ಅಳುತ್ತಿದ್ದರು. ಜಯಲಕ್ಷ್ಮಮ್ಮ ದೊಡ್ಡ ದನಿಯಲ್ಲಿ ರಾಮನಾಥನನ್ನು ಕೂಗುತ್ತಿದ್ದಳು. ನೀರು ಮೀನಖಂಡಕ್ಕೆ ಬಂತು. ರಂಜಿತಾ ಕಣ್ಣು ಮುಚ್ಚಿಕೊಂಡಳು. ಅಮ್ಮ ಈಗ ಅಂಗಡಿಯಲ್ಲಿ ಅಪ್ಪನಿಗೆ ಊಟದ ಡಬ್ಬಿ ಕೊಟ್ಟು ನಿಂತಿರುತ್ತಾಳೆ. ಅವಳಿಗೆ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ. ಗೊತ್ತಾಗದೆಯೇ ಇದು ಮುಗಿದುಹೋಗುತ್ತದೆ ಎಂದುಕೊಂಡಾಗ, ಕೆಳಗಿನ ಕತ್ತಲಲ್ಲಿ ಒಂದು ಕೈ ಅವಳ ಕಾಲನ್ನು ಹಿಡಿಯಿತು.

ರಂಜಿತಾ ಆ ಕಾಲನ್ನು ಜೋರಾಗಿ ಕೊಡವಿದಳು.

"ನಾನು ಕಣೆ. ಆಶಾರಾಣಿ ಮಿಸ್ಸು. ಒದಿಬೇಡ, ನನ್ನ ಮುಖಕ್ಕೆ ಬಡಿಯುತ್ತೆ."

ಮಿಸ್ಸು ನೀರಿನ ಕಡೆಯ ಬಾಯಿಂದ ಮುಳುಗಿ ಒಳಗೆ ಬಂದಿದ್ದರು. ಅವರ ಏದುಸಿರು ಬಂಡೆಯೊಳಗೆಲ್ಲ ತುಂಬಿಕೊಂಡಿತು. ಕೈ ಮಂಡಿಯಿಂದ ಸೊಂಟಕ್ಕೆ ತಡವಿಕೊಂಡು ಬಂತು.

"ಸಿಕ್ಕಾಕಿಕೊಂಡಿರೋದು ನೀನಲ್ಲ, ಸ್ವೆಟರು. ಗಂಟು ಬಂಡೆ ಸಂದೀಲಿ ಸೇರ್ಕೊಂಡಿದೆ. ಬಿಚ್ತೀನಿ ಇರು."

"ಬ್ಯಾಡ ಮಿಸ್!"

"ಏನು ಬ್ಯಾಡ?"

"ಬಿಚ್ಬೇಡಿ ಮಿಸ್. ಎಲ್ಲಾರೂ ನೋಡ್ತಾರೆ." ಅಷ್ಟು ಹೇಳಿ ಅವಳು ಬಿಕ್ಕಿದಳು. "ನಾನು ಬರ್ಬಾರ್ದಿತ್ತು ಮಿಸ್. ಅಜ್ಜಿ ಏಳ್ತಲ್ಲ, ಕಲ್ಲು ಕೂಡ್ಕತದೆ ಅಂತ. ಬೆಳಗ್ಗೆ ದಾರೀಲೇ ಆಯ್ತು. ನಾನು ಯಾರ್ಗೂ ಏಳ್ನಿಲ್ಲ."

ಮಿಸ್ಸು ಅವಳ ಸೊಂಟದ ಹತ್ತಿರದಿಂದ, ಕ್ಲಾಸಿನಲ್ಲಿ ಎಂದೂ ಕೇಳಿರದ ತಗ್ಗಿದ ದನಿಯಲ್ಲಿ ಅಂದರು: "ನಂದೂ ನಿನ್ನೆಯಿಂದ ಕಣೆ. ಈಗ ಉಸಿರು ಪೂರ್ತಿ ಹೊರಗೆ ಬಿಡು. ಒಳಗೆಳೀಬೇಡ, ಬಿಡು. ನೀನು ಉಬ್ಬಿಕೊಂಡಷ್ಟೂ ಗಂಟು ಬಿಗಿಯುತ್ತೆ."

ರಂಜಿತಾ ಉಸಿರು ಬಿಟ್ಟಳು. ಮಿಸ್ಸಿನ ಬೆರಳು ಗಂಟಿನ ಮೇಲೆ ಕೆಲಸ ಮಾಡುವುದು, ಜಾರುವುದು, ಮತ್ತೆ ಹಿಡಿಯುವುದು ತಿಳಿಯುತ್ತಿತ್ತು. ಒದ್ದೆಯಾದ ಉಣ್ಣೆ ಬಿಗಿದುಕೊಂಡಿತ್ತು, ಅದೂ ಮೂರು ಗಂಟು. "ಯಾರೇ ನಿಂಗೆ ಇಂಥ ಗಂಟು ಹಾಕೋಕೆ ಹೇಳ್ಕೊಟ್ಟಿದ್ದು?" ಎಂದು ಮಿಸ್ಸು ಗೊಣಗಿದರು. ಆಮೇಲೆ ಅವರು ಹಲ್ಲಿನಲ್ಲಿ ಕಚ್ಚಿ ಎಳೆಯತೊಡಗಿದರು. ನೀರು ತೊಡೆಗೆ ಬಂದಿತ್ತು. ರಂಜಿತಾಳ ತೊಡೆಯೆಂದರೆ ಕೆಳಗಿದ್ದ ಮಿಸ್ಸಿಗೆ ಕುತ್ತಿಗೆ. ಒಂದು ಸಲ ಅಲೆ ಬಂದು ಅವರ ಬಾಯಿಗೆ ನುಗ್ಗಿ, ಅವರು ಕೆಮ್ಮಿದರು. ಕೆಮ್ಮುವಾಗಲೂ ಕೈಯಲ್ಲಿದ್ದ ಬಟ್ಟೆಯನ್ನು ಮಾತ್ರ ಬಿಡಲಿಲ್ಲ.

ಗಂಟು ಸಡಿಲವಾಯಿತು. ಒಮ್ಮೆಗೇ ಸೊಂಟದ ಸುತ್ತ ಜಾಗವಾಯಿತು.

"ಸಾರ್, ಈಗ ಎಳೀರಿ. ನಿಧಾನ!" ಮಿಸ್ಸು ಕೆಳಗಿನಿಂದ ಕೂಗಿ ಅವಳ ಅಂಗಾಲಿಗೆ ತಮ್ಮ ಭುಜ ಕೊಟ್ಟರು. ರಂಜಿತಾ ಆ ಭುಜವನ್ನು ತುಳಿದು ಮೇಲಕ್ಕೆ ಹೋದಳು. ಮೊಣಕೈ ತರಚಿತು, ಕೆನ್ನೆ ತರಚಿತು, ಬಿಸಿಲು ಮುಖಕ್ಕೆ ರಾಚಿತು. ಹುಣಸೆಬೇರಿನ ಮೇಲೆ ಬೋರಲು ಬಿದ್ದಳು. ಅನುಶ್ರೀ ಅಳುತ್ತಾ ಅವಳ ಕುತ್ತಿಗೆಗೆ ಜೋತುಬಿದ್ದಳು.

"ಮಿಸ್ಸು ಬರ್ಲಿಲ್ಲ" ಅಂದಳು ರಂಜಿತಾ.

ಎಲ್ಲರೂ ಸಂದಿಯ ಕಡೆ ತಿರುಗಿದರು. ಕೆಳಗಿನ ಬಾಯಿ ನೀರಲ್ಲಿ ಮುಚ್ಚಿಹೋಗಿತ್ತು, ಅಲ್ಲಿ ಕೆಂಪು ನೀರು ಸುಳಿ ತಿರುಗುತ್ತಿತ್ತು. ಇನ್ನು ಬರುವುದಿದ್ದರೆ ಮೇಲಿನಿಂದಲೇ ಬರಬೇಕು. ಮಿಸ್ಸು ರಂಜಿತಾಳಂತೆ ಕಡ್ಡಿಯಲ್ಲ. ಕಾಂತರಾಜು ಮೇಷ್ಟ್ರು ಬಾಗಿ, "ಮೇಡಂ! ಮೇಡಂ!" ಎಂದು ಕೂಗಿದರು. ಉತ್ತರವಿಲ್ಲ.

ಮಿಸ್ಸು ಕತ್ತಲಲ್ಲಿ ಹೇಳಿದ ಮಾತು ಇಲ್ಲಿ ರಂಜಿತಾ ಒಬ್ಬಳಿಗೇ ಗೊತ್ತು. ತನ್ನನ್ನು ಬಿಟ್ಟ ಕಲ್ಲು ಬದಲಿಗೆ ಮಿಸ್ಸನ್ನು ಹಿಡಿದುಕೊಂಡಿದ್ದರೆ? ಸ್ವೆಟರು, ಗಂಟು, ಎಲ್ಲ ನಿಜ. ಆದರೂ ಜಯಲಕ್ಷ್ಮಮ್ಮನ ಮಾತು ತಲೆಯಿಂದ ಹೋಗಲೊಲ್ಲದು. ಬೆಳಗ್ಗಿನಿಂದ ಅಷ್ಟು ಹೆದರಿದ್ದರೂ ಇಂಥ ಹೆದರಿಕೆ ಅವಳಿಗೆ ಆಗಿರಲಿಲ್ಲ. ಮೇಷ್ಟ್ರನ್ನು ತಳ್ಳಿಕೊಂಡು ಮಲಗಿ, ತಾನು ಆಗಷ್ಟೇ ಹೊರಬಂದ ಆ ಸಂದಿಯೊಳಕ್ಕೆ ಭುಜದ ತನಕ ಕೈ ಇಳಿಬಿಟ್ಟಳು. ಕಲ್ಲು ಮತ್ತೆ ಕೆನ್ನೆಗೆ ತಾಗಿತು. ಕೈ ಹಿಂದಕ್ಕೆ ಎಳೆದುಕೊಳ್ಳಬೇಕೆಂದು ಮೈಯೆಲ್ಲ ಒದ್ದಾಡಿತು. ಅವಳು ಎಳೆದುಕೊಳ್ಳಲಿಲ್ಲ.

"ಮಿಸ್, ಉಸ್ರು ಬುಡಿ ಮಿಸ್! ಒಳಿಕ್ಕೆ ಎಳ್ಕಬೇಡಿ, ಬುಡಿ!"

ಕತ್ತಲಲ್ಲಿ ಬಟ್ಟೆ ಹರಿದ ಸದ್ದಾಯಿತು. ಆಮೇಲೆ ಒದ್ದೆ ಬೆರಳುಗಳು ಬಂದು ಅವಳ ಮಣಿಕಟ್ಟನ್ನು ಹಿಡಿದುಕೊಂಡವು. ಮೇಷ್ಟ್ರೂ ಅಭಿಷೇಕನೂ ಸೇರಿ ಎಳೆದರು. ಮಿಸ್ಸು ಹೊರಬಂದಾಗ ಅವರ ಕುಪ್ಪಸ ಹರಿದು ಭುಜದಲ್ಲಿ ರಕ್ತ ಬರುತ್ತಿತ್ತು, ತುಟಿ ನೀಲಿಗಟ್ಟಿತ್ತು. ಸ್ವಲ್ಪ ಹೊತ್ತು ಅವರು ನೆಲ ಹಿಡಿದು ಕೂತಿದ್ದರು. ಮೊದಲು ಬಂದ ಮಾತು, "ಸಾರ್, ಗಂಡುಹುಡುಗರನ್ನ ಕರ್ಕೊಂಡು ಮುಂದಕ್ಕೆ ನಡೀರಿ. ಈಗಲೇ" ಎಂಬುದು.

ಮೇಷ್ಟ್ರಿಗೆ ಏನು ತಿಳಿಯಿತೋ, ಕೇಳದೆ ಹುಡುಗರನ್ನು ಹೊರಡಿಸಿಕೊಂಡು ಹೋದರು.

ಜಯಲಕ್ಷ್ಮಮ್ಮ ರಂಜಿತಾಳ ಬೆವೆತ ತಲೆಯನ್ನು ತನ್ನ ಸೆರಗಿನಲ್ಲಿ ಒರೆಸುತ್ತಿದ್ದಳು. "ಯಾವ ಪಾಪವೂ ಇಲ್ಲ ಕಣವ್ವ ನನ್ ಕಂದಂಗೆ. ನೋಡಿ, ಇಡ್ದಂಗೆ ಇಡ್ದು ಬುಟ್ಬುಡ್ತು" ಎನ್ನುತ್ತಾ ಒರೆಸುತ್ತಾ ಕೆಳಗೆ ಬಂದವಳ ಕೈ ನಿಂತುಬಿಟ್ಟಿತು. ಬಿಳಿ ಪೈಜಾಮ ನೀರಿಗೆ ಮೈಗಂಟಿತ್ತು, ಕಲೆ ಎದ್ದು ಕಾಣುತ್ತಿತ್ತು. ಮುಚ್ಚಿಕೊಳ್ಳಲು ಏನೂ ಇರಲಿಲ್ಲ. ಸ್ವೆಟರನ್ನು ಹೊಳೆ ಒಯ್ದಿತ್ತು.

ಅನುಶ್ರೀ ಬಾಯಿಗೆ ಕೈ ಇಟ್ಟುಕೊಂಡಳು. ರಂಜಿತಾ ಮುದುಕಿಯ ಮುಖವನ್ನು ನೋಡಲಾರದೆ ಅವಳ ಕಾಲುಂಗುರವನ್ನೇ ನೋಡುತ್ತಾ ನಿಂತಳು. ಈಗ ಕೂಗುತ್ತಾಳೆ, ಊರು ಸೇರಿಸುತ್ತಾಳೆ.

"ಯಾವಾಗ್ಲಿಂದವ್ವ?" ಅಂದಳು ಜಯಲಕ್ಷ್ಮಮ್ಮ.

"ಬೆಳಗ್ಗಿಂದ."

ಮುದುಕಿ ಬಂಡೆಯನ್ನು ನೋಡಿದಳು. ಹುಡುಗಿಯನ್ನು ನೋಡಿದಳು. ಭುಜ ಒತ್ತಿ ಹಿಡಿದು ಕೂತಿದ್ದ ಮಿಸ್ಸನ್ನು ನೋಡಿದಳು. ಮಿಸ್ಸೂ ಅವಳನ್ನೇ ದಿಟ್ಟಿಸುತ್ತಿದ್ದರು. ಜಯಲಕ್ಷ್ಮಮ್ಮ ತಾನು ಕೂರಲು ಹಾಸಿಕೊಂಡಿದ್ದ ಹಳೆಯ ಸೀರೆಯನ್ನು ಕೊಡವಿ ರಂಜಿತಾಳ ಸೊಂಟಕ್ಕೆ ಎರಡು ಸುತ್ತು ಸುತ್ತಿ, ಸಿಕ್ಕಿಸಿದಳು. "ಓಗು, ಬಿಸ್ಲಲ್ಲಿ ಕೂತ್ಕ" ಎಂದು ಬೆನ್ನು ತಟ್ಟಿದಳು. ಆಮೇಲೆ ಹೋಗಿ ಸಂದಿಯ ಮುಂದೆ ಕರ್ಪೂರ ಹಚ್ಚಿ ಕೈ ಮುಗಿದು ನಿಂತಳು. ಹುಡುಗಿ ಉಳಿದಳೆಂದು ಹಚ್ಚಿದಳೋ, ಕಲ್ಲು ಮೈಲಿಗೆಯಾಯಿತೆಂದು ಹಚ್ಚಿದಳೋ ರಂಜಿತಾಗೆ ತಿಳಿಯಲಿಲ್ಲ. ಕೇಳುವ ಧೈರ್ಯವೂ ಬರಲಿಲ್ಲ.

ಮಿಸ್ಸನ್ನೂ ಹುಡುಗಿಯರನ್ನೂ ಒಂದು ಗೂಡ್ಸ್ ಆಟೋ ರಾಮನಾಥಪುರಕ್ಕೆ ತಂದು ಬಿಟ್ಟಿತು. ಮಿಸ್ಸು ಮೆಡಿಕಲ್ ಸ್ಟೋರಿನಲ್ಲಿ ಭುಜಕ್ಕೆ ಪಟ್ಟಿ ಕಟ್ಟಿಸಿಕೊಂಡು, ಪೇಪರಿನಲ್ಲಿ ಸುತ್ತಿದ ಒಂದು ಪೊಟ್ಟಣವನ್ನು ರಂಜಿತಾಳ ಕೈಗಿಟ್ಟರು. ಒಬ್ಬ ಹುಡುಗಿಯ ಚಿಕ್ಕಮ್ಮನ ಮನೆಯಲ್ಲಿ ಅವಳಿಗೆ ಒಣಗಿದ ಬಟ್ಟೆ ಸಿಕ್ಕಿತು. ಆ ಹೊತ್ತಿಗೆ ಸುದ್ದಿ ಕೇಳಿದ ಅಪ್ಪ ಗೌರೀಶ, ಕೊಣನೂರಿನ ದಿನಸಿ ಅಂಗಡಿಗೆ ಅರ್ಧ ಬಾಗಿಲು ಎಳೆದು, ಬೈಕಿನಲ್ಲಿ ಬಂದಿದ್ದ. ಮಗಳನ್ನು ಕಂಡವನೇ ಅವಳ ತಲೆ, ಕೈ, ಕಾಲು ಮುಟ್ಟಿ ಮುಟ್ಟಿ ನೋಡಿದ. ಮಿಸ್ಸಿಗೆ ಕೈ ಮುಗಿದ. ಓಡಿಹೋಗಿ ತೆಂಗಿನಕಾಯಿ, ಬಾಳೆಹಣ್ಣು ಕೊಂಡು ತಂದ.

"ಬಾವ್ವ, ಸ್ವಾಮಿಗೊಂದು ಕಾಯಿ ಒಡ್ಸಿ ಮನೆಗೋಗನ. ಅವನೇ ಉಳ್ಸಿದ್ದು ನಿನ್ನ."

ಅವಳು ಅಪ್ಪನ ಜೊತೆ ದೇವಸ್ಥಾನದ ಬಾಗಿಲ ತನಕ ಹೋದಳು. ಒಳಗೆ ಕಂಬಗಳು, ಕಂಬಗಳಾಚೆ ಇನ್ನೊಂದು ಬಾಗಿಲು, ಅದರಾಚೆ ಗರ್ಭಗುಡಿಯ ಕತ್ತಲು. ಒಳಗಿನಿಂದ ತಣ್ಣನೆಯ ಗಾಳಿ, ಬಾವಲಿ ವಾಸನೆ ಬಂತು. ಅವಳ ಬಲಗೈ ತಾನಾಗಿ ಮೈಗೆ ಅಂಟಿಕೊಂಡಿತು. ಆಗ ಅವಳಿಗೆ ಮುಟ್ಟು ನೆನಪಿಗೇ ಬರಲಿಲ್ಲ, ಪಾಪವೂ ಬರಲಿಲ್ಲ. ನೆನಪಿಗೆ ಬಂದದ್ದು ಕಲ್ಲು ಮಾತ್ರ, ಎರಡೂ ಕಡೆಯಿಂದ.

"ಅಪ್ಪಾ, ನಾನು ಒಳಿಕ್ಕೆ ಬರಲ್ಲ."

"ಯಾಕವ್ವ?"

"ಕತ್ಲು ಐತೆ. ಕಲ್ಲು ಐತೆ. ನಂಗೆ ಎದ್ರಿಕೆ ಆಯ್ತದೆ."

ಅಪ್ಪ ಒಂದು ಸಲ ಒಳಗೆ ನೋಡಿದ, ಒಂದು ಸಲ ಅವಳ ಮುಖ ನೋಡಿದ. ದೇವರಿಗೆ ಬೆನ್ನು ಹಾಕಿ ಹೋದವನಲ್ಲ ಅವನು. ಒಳಗೆ ಯಾರದೋ ಪೂಜೆಯ ಗಂಟೆ ಮೊಳಗುತ್ತಿತ್ತು. ಅವನು ಕಾಯಿಯನ್ನು ಬಾಗಿಲ ಪಕ್ಕದ ಜಗಲಿಯ ಮೇಲಿಟ್ಟ.

"ಬುಡು. ಇನ್ನೊಂದಿನ ಬಂದ್ರಾಯ್ತು" ಅಂದ.

ಇಬ್ಬರೂ ಹೊಳೆಯ ಮೆಟ್ಟಿಲ ಮೇಲೆ, ಬಿಸಿಲು ಚೆನ್ನಾಗಿ ಬೀಳುತ್ತಿದ್ದ ಕಡೆ ಬಂದು ಕೂತರು. ಕೆಳಗೆ ಕೆಂಪು ನೀರು ಮೆಟ್ಟಿಲು ನುಂಗಿಕೊಂಡು ಓಡುತ್ತಿತ್ತು. ಅಪ್ಪ ಒಂದು ಬಾಳೆಹಣ್ಣು ಸುಲಿದು ಅವಳ ಕೈಗೆ ಕೊಟ್ಟ. ಅವಳಿಗೆ ಹಸಿವಾಗಿದೆ ಎಂದು ಆಗಲೇ ಗೊತ್ತಾದದ್ದು. ತಿನ್ನುತ್ತಾ ತಿನ್ನುತ್ತಾ ನಡುಕ ಶುರುವಾಯಿತು, ಹಲ್ಲಿಗೆ ಹಲ್ಲು ತಾಗತೊಡಗಿತು. ಅಪ್ಪ ತನ್ನ ಅಂಗಿ ಬಿಚ್ಚಿ ಹೊದಿಸಿ, ಬನಿಯನ್ನಿನಲ್ಲೇ ಅವಳ ಪಕ್ಕ ಕೂತ. ನಡುಕ ನಿಲ್ಲುವುದಕ್ಕೆ ಬಹಳ ಹೊತ್ತು ಹಿಡಿಯಿತು.